ಕೆಂಪಂಚಿನ ಮೀನು

ಮೀನು ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಯಜಮಾನರು ಸಮುದ್ರಕ್ಕೆ ಹೋಗಿ, ದೋಣಿ ಮೇಲೆ ನಿಂತು, ಗಾಳ ಬೀಸಿ ಹಿಡಿದದ್ದು ತಾವು ಉಟ್ಟಿದ್ದ ಪಂಚೆಯನ್ನು. ತುರುವೇಕೆರೆ ಕಡೆಯ ನೆಂಟರು ಈಗಲೂ ಸಿಕ್ಕಾಗ ಎರಡು ಕೈ ಅಗಲಿಸಿ, "ಇಷ್ಟುದ್ದ ಇತ್ತಂತಲ್ಲ ರುದ್ರಕ್ಕ" ಅಂತ ಕೇಳುತ್ತಾರೆ. ಇತ್ತು. ಪಂಚೆ ಯಾವಾಗಲೂ ಅಷ್ಟುದ್ದ ಇರುತ್ತದೆ.

ಈವತ್ತು ಇದೆಲ್ಲ ನೆನಪಾಗಿದ್ದು ಮೆಂತ್ಯದಿಂದ. ಒಗ್ಗರಣೆಗೆ ಎರಡು ಕಾಳು ತೆಗೆಯೋಣ ಅಂತ ಡಬ್ಬಿಗೆ ಬೆರಳು ಹಾಕಿದರೆ ಏನೋ ಚುಚ್ಚಿತು. ನೋಡಿದರೆ ಒಂದು ಕೊಕ್ಕೆ. ಕೊಕ್ಕೆಗೆ ಬಿಳಿ ಕೂದಲು ಕಟ್ಟಿದೆ, ತಲೆ ಹತ್ತಿರ ಎರಡು ಮಣಿ ಅಂಟಿಸಿ ಕಣ್ಣು ಮಾಡಿದೆ. ನಾನು ಸಾಂಬಾರ ಡಬ್ಬಿ ಮಾಡಿಕೊಂಡಿರುವುದು ನಮ್ಮ ಅಳಿಯನ ಕೊಕ್ಕೆ ಡಬ್ಬಿಯನ್ನೇ. ಪ್ಲಾಸ್ಟಿಕ್ಕಿನದು, ಮೇಲಿಂದ ಒಳಗಿರೋದೆಲ್ಲ ಕಾಣುತ್ತದೆ, ಸಣ್ಣಸಣ್ಣ ಮನೆಗಳಿವೆ. ಸಾಸಿವೆಗೊಂದು, ಜೀರಿಗೆಗೊಂದು, ಮೆಂತ್ಯಕ್ಕೊಂದು. ಆ ಹುಚ್ಚಿನಿಂದ ಈ ಮನೆಗೆ ಆದ ಉಪಯೋಗ ಅಂದರೆ ಇದೊಂದೇ. ಇನ್ನೊಂದು ಇದೆ, ಅದನ್ನು ಕೊನೆಗೆ ಹೇಳುತ್ತೇನೆ.

ಅಳಿಯನ ವಿಷಯ ಹೇಳಬೇಕು. ಹೆಸರು ಲೋಕೇಶ. ನಮ್ಮ ಸುಮಳ ಗಂಡ. ಹೊನ್ನಾವರದ ಕಡೆ ಕಾಲೇಜಿನಲ್ಲಿ ಲೆಕ್ಕದ ಮೇಷ್ಟ್ರು. ಒಳ್ಳೆಯವನೇ. ಕುಡಿತ ಇಲ್ಲ, ಬೀಡಿ ಇಲ್ಲ, ಇಸ್ಪೀಟು ಇಲ್ಲ. ಇಂಥವರನ್ನು ಕಂಡರೆ ನನಗೆ ಮೊದಲಿಂದಲೂ ಸ್ವಲ್ಪ ಭಯ. ಸಣ್ಣ ಚಟ ಇರುವವನು ಅದರಲ್ಲೇ ತೀರಿಸಿಕೊಳ್ಳುತ್ತಾನೆ. ಏನೂ ಇಲ್ಲದವನಿಗೆ ಒಂದು ದಿನ ಬಂದರೆ ದೊಡ್ಡದೇ ಬರುತ್ತದೆ. ಬಂತು. ಉಪ್ಪುನೀರಿನಲ್ಲಿ ನೊಣ ಕಟ್ಟಿ ಮೀನು ಹಿಡಿಯುವ ಚಟ.

ನಮ್ಮ ಕಡೆ ಅಳಿಯ ಅಂದರೆ ದೇವರಿಗಿಂತ ಒಂದು ಮೆಟ್ಟಿಲು ಮೇಲೆ. ದೇವರ ಮುಂದೆ ಎಡೆ ಇಟ್ಟರೆ ತಿರುಗಿ ತಗೊಂಡು ನಾವೇ ತಿನ್ನಬಹುದು, ಅಳಿಯ ವಾಪಸ್ಸು ಕೊಡುವುದಿಲ್ಲ. ಅಂಥ ಅಳಿಯ ದಸರಾ ರಜಕ್ಕೆ ಬಂದು, ಒಬ್ಬಟ್ಟಿನ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, "ಮಾವ, ನಾನೀಗ ಮೀನು ಹಿಡಿಯೋದು ಕಲೀತಿದ್ದೀನಿ" ಅಂದ.

ನನ್ನ ಕೈಯಲ್ಲಿದ್ದ ತುಪ್ಪದ ಮಿಳ್ಳೆ ಅಲ್ಲೇ ನಿಂತಿತು. ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ನಮ್ಮ ಯಜಮಾನರು ಹಾಲ್ಕುರಿಕೆ ಮಠಕ್ಕೆ ವರ್ಷ ವರ್ಷ ಮೊದಲ ಕೊಯ್ಲಿನ ಕಾಯಿ ಕಳಿಸುವವರು. ಹುಡುಗಿಯಾಗಿದ್ದಾಗ ನಾನು ಕೆರೆ ಏರಿ ಮೇಲೆ ನಿಂತು ಬೇರೆ ಹುಡುಗರು ಎರೆಹುಳ ಚುಚ್ಚಿ ಗಾಳ ಹಾಕುವುದನ್ನು ನೋಡಿದ್ದಕ್ಕೇ ನಮ್ಮವ್ವ ತಲೆ ಮೇಲೆ ನೀರು ಸುರಿದು ಒಳಗೆ ಕರೆದುಕೊಂಡಿದ್ದಳು. ನೋಡಿದ್ದು ಬರೀ ಕಣ್ಣು, ನೀರು ಬಿದ್ದದ್ದು ಇಡೀ ಮೈಗೆ.

"ತಿಂತೀರಾ?" ಅಂತ ಕೇಳಿದರು ಯಜಮಾನರು, ಮೆಲ್ಲಗೆ.

"ಛೆ, ಎಲ್ಲಾದ್ರೂ ಉಂಟಾ ಮಾವ. ಹಿಡೀತೀವಿ, ಫೋಟೋ ತೆಗೀತೀವಿ, ಬಿಟ್ಬಿಡ್ತೀವಿ. ಹುಳಾನೂ ಚುಚ್ಚಲ್ಲ. ಕೂದಲು, ಪುಕ್ಕ, ದಾರ ಕಟ್ಟಿ ನೊಣ ಮಾಡ್ತೀವಿ. ಒಂದು ಜೀವಾನೂ ಹೋಗಲ್ಲ."

ಯಜಮಾನರ ಮುಖ ಅರಳಿತು. ಪಾಪವಿಲ್ಲದ ಬೇಟೆ. ಬೇರೆಯವರು ತಿನ್ನುವುದನ್ನೂ ಹಿಡಿಯುವುದನ್ನೂ ಬೇಲಿ ಆಚೆಯಿಂದ ಎಪ್ಪತ್ತು ವರ್ಷ ನೋಡಿದ ಮನುಷ್ಯನಿಗೆ ಬೇಲಿಯಲ್ಲಿ ಒಂದು ಕಿಂಡಿ ಕಂಡಿತು.

"ಹಸಿದು ಬಂದವರಿಗೆ ಪ್ಲಾಸ್ಟಿಕ್ ಮುದ್ದೆ ಬಡಿಸಿ, ಬಾಯಿಗೆ ಕೊಕ್ಕೆ ಹಾಕಿ ಎಳೆದು, ಪಟ ತೆಗೆಸ್ಕೊಂಡು, ಹೋಗಿ ಬನ್ನಿ ಅಂತ ಕಳಿಸ್ತೀರಾ ಅನ್ನಿ. ತಿನ್ನೋರೇ ವಾಸಿ, ಅವರಿಗೆ ಹಸಿವಾದ್ರೂ ಇತ್ತು," ಅಂದೆ.

ಅಳಿಯ ನಕ್ಕ. "ಅತ್ತೆ ಯಾವಾಗಲೂ ತಮಾಷೆ."

ನಾನು ತಮಾಷೆ ಮಾಡುವುದಿಲ್ಲ. ಹೇಳಿದ್ದನ್ನು ಜನ ತಮಾಷೆ ಅಂದುಕೊಂಡು ಬಚಾವಾಗುತ್ತಾರೆ.

ಆ ರಜವಿಡೀ ಮನೆಯಲ್ಲಿ ಬೇರೆ ಮಾತಿಲ್ಲ. ಜಗಲಿ ಮೇಲೆ ಮಾವ ಅಳಿಯ ಫೋನು ಹಿಡಿದು ಕೂತು ಕೋಲು ಆರಿಸಿದರು. ಕೋಲಿಗೆ ನಂಬರು ಇರುತ್ತದಂತೆ. ಸಣ್ಣ ನಂಬರಿನದು ಹೊಳೆ ಮೀನಿಗೆ, ದೊಡ್ಡ ನಂಬರಿನದು ಸಮುದ್ರಕ್ಕೆ. ದಾರ ಸುತ್ತುವ ರಾಟೆ ಉಪ್ಪುನೀರಿಗೆ ತುಕ್ಕು ಹಿಡಿಯಬಾರದಂತೆ, ಮೀನು ಎಳೆದರೆ ತಡೆಯಲು ಅದರೊಳಗೊಂದು ಬ್ರೇಕು ಬೇಕಂತೆ. ದಾರದಲ್ಲಿ ತೇಲುವ ದಾರ ಬೇರೆ, ಮುಳುಗುವ ದಾರ ಬೇರೆ. ನಾನು ಮದುವೆ ಆದಾಗ ನಮ್ಮಪ್ಪ ಗಂಡಿನ ವಿಷಯದಲ್ಲಿ ಇದರ ಅರ್ಧ ವಿಚಾರಿಸಿರಲಿಲ್ಲ.

ಕೋಲು ಬಂದಾಗ ಯಜಮಾನರು ಅದನ್ನು ಕಾಯಿ ಕೀಳುವ ದೋಟಿ ಪರೀಕ್ಷೆ ಮಾಡುವ ಹಾಗೆ ಮಾಡಿದರು. ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ನೆಲಕ್ಕೆ ಊರಿ ಬಗ್ಗಿಸಿದರು. "ಬಲ ಇಲ್ಲ ಕಣ್ರಿ ಇದಕ್ಕೆ, ಬಳುಕ್ತದೆ," ಅಂದರು.

"ಬಳುಕಬೇಕು ಮಾವ. ಬಳುಕೋದೇ ಅದರ ಕೆಲಸ. ಇಲ್ಲಿ ಎಸೆಯೋದು ಕೊಕ್ಕೆಯಲ್ಲ, ದಾರ. ದಾರವೇ ತೂಕ. ಹಿಂದಕ್ಕೆ ಬೀಸಿ, ದಾರ ನೆಟ್ಟಗಾಗೋವರೆಗೂ ಕಾದು, ಆಮೇಲೆ ಮುಂದಕ್ಕೆ."

ತೋಟದಲ್ಲಿ ಅಭ್ಯಾಸ ಶುರುವಾಯಿತು. ತೆಂಗಿನ ತೋಟದಲ್ಲಿ ಹಿಂದಕ್ಕೆ ಬೀಸಿದರೆ ಏನಾಗುತ್ತದೆ ಅಂತ ತಿಪಟೂರು ಸೀಮೆಯಲ್ಲಿ ಹುಟ್ಟಿದ ಮಗು ಹೇಳೀತು. ಕೊಕ್ಕೆ ಗರಿಗೆ ಸಿಕ್ಕಿತು. ಬಿಡಿಸಿದರು. ಮತ್ತೆ ಬೀಸಿದರು, ಒಣಗಿದ ಸೋಗೆ ತಲೆ ಪಕ್ಕದಲ್ಲೇ ಬಿತ್ತು. ಮೂರನೆಯದಕ್ಕೆ ಒಂದು ಕುರುಂಬೆ ಕಿತ್ತುಕೊಂಡು ಬಂತು, ನಿಂಬೆಕಾಯಿ ಗಾತ್ರದ ಎಳೆಗಾಯಿ. ಅಳಿಯ ಅದನ್ನೂ ಫೋಟೋ ತೆಗೆದ.

"ಇದನ್ನೂ ವಾಪಸ್ ಬಿಡ್ತೀರಾ?" ಅಂತ ಕೇಳಿದೆ.

ಆಮೇಲೆ ದೋಣಿ. ಮೊದಲು ತರಿಸಿದ್ದು ಗಾಳಿ ತುಂಬುವ ರಬ್ಬರು ದೋಣಿ. ತೋಟದ ಕೃಷಿ ಹೊಂಡದಲ್ಲಿ ಬಿಟ್ಟು ನೋಡಿದರು, ತೇಲಿತು. ಅದನ್ನು ಜೋಪಾನವಾಗಿ ಇಡಬೇಕಲ್ಲ. ನಮ್ಮ ಮನೆಯಲ್ಲಿ ಜೋಪಾನದ ಜಾಗ ಅಂದರೆ ಒಂದೇ, ಕೊಬ್ಬರಿ ಅಟ್ಟ. ಸಿಪ್ಪೆ ಸಮೇತ ಕಾಯಿ ತುಂಬಿ, ವರ್ಷ ಹತ್ತಿರ ಹತ್ತಿರ ಕದಲಿಸದೆ ಬಿಟ್ಟರೆ ಒಳಗಿನ ನೀರು ಇಂಗಿ ಕೊಬ್ಬರಿ ಉಂಡೆಯಾಗಿ ಗಡಗಡ ಅನ್ನುತ್ತದೆ. ವರ್ಷವಿಡೀ ಕಾಯಿಯನ್ನು ಕಾಯುವ ಅಟ್ಟ ಒಂದು ದೋಣಿಯನ್ನು ಕಾಯದೆ? ಅದೂ ಬರೀ ಇಟ್ಟಿದ್ದರೆ ಆಗುತ್ತಿತ್ತೇನೋ. ಎತ್ತಿನ ಕೊಂಬಿಗೆ, ಬಾಗಿಲ ತಿರುಗಣಿಗೆ, ಒಡೆದ ಹಿಮ್ಮಡಿಗೆ, ಎಲ್ಲಕ್ಕೂ ಕೊಬ್ಬರಿ ಎಣ್ಣೆ ಸವರುವ ಮನುಷ್ಯ ರಬ್ಬರು ಒಣಗಬಾರದು ಅಂತ ದೋಣಿಗೂ ಸವರಿದರು. ಅಟ್ಟದ ಇಲಿಗಳಿಗೆ ಜನ್ಮದಲ್ಲಿ ಮೊದಲ ಸಲ ಒಗ್ಗರಣೆ ಹಾಕಿದ ಊಟ ಸಿಕ್ಕಿತು. ಸಂಕ್ರಾಂತಿಗೆ ತೆಗೆದು ನೋಡಿದರೆ ದೋಣಿ ಜಾಲರಿಯಾಗಿತ್ತು. ಸೊಪ್ಪು ಸೋಸಬಹುದಿತ್ತು.

"ರಬ್ಬರು ಸರಿ ಬರಲ್ಲ ಬುಡಿ, ಅಲ್ಲೇ ಹೋಗಿ ಗಟ್ಟಿ ದೋಣಿ ನೋಡುವಾ," ಅಂತ ಫೋನಿನಲ್ಲಿ ಅಳಿಯನಿಗೆ ಹೇಳಿದರು. ಇಲಿ ವಿಷಯ ಹೇಳಲಿಲ್ಲ.

ಇಷ್ಟರ ಮಧ್ಯೆ ನಮ್ಮ ಕೆಂಪಿಯ ಬಾಲ ಹೋಯಿತು.

ಕೆಂಪಿ ನಮ್ಮ ಹಸು. ಮೈಯೆಲ್ಲ ಕೆಂಪು, ಬಾಲದ ತುದಿ ಕುಚ್ಚು ಮಾತ್ರ ಬಿಳಿ, ಹಿಂಜಿದ ಹತ್ತಿಯಂಗೆ. ಒಂದು ಬೆಳಿಗ್ಗೆ ಹಾಲು ಕರೆಯಲು ಕೂತೆ. ಕೆಂಪಿ ನೊಣ ಓಡಿಸಲು ಬಾಲ ಬೀಸಿದಳು. ದಿನವೂ ಮುಖದ ಮೇಲೆ ಕೂದಲು ಸವರಿ ಹೋಗುತ್ತಿತ್ತು, ಅವತ್ತು ಬೆತ್ತದ ಏಟು ಬಿತ್ತು. ನೋಡಿದರೆ ಕುಚ್ಚಿಲ್ಲ. ಬರೀ ಮೂಳೆ, ತುದಿಯಲ್ಲಿ ಕತ್ತರಿ ಆಡಿಸಿದ ಗುರುತು.

ಒಳಗೆ ಬಂದರೆ ಯಜಮಾನರು ಕನ್ನಡಕ ಹಾಕಿಕೊಂಡು ಕೊಕ್ಕೆಗೆ ಬಿಳಿ ಕೂದಲು ಸುತ್ತುತ್ತಾ ಕೂತಿದ್ದಾರೆ. ಪಕ್ಕದಲ್ಲಿ ಅಳಿಯ ಕೊಟ್ಟು ಹೋದ ಡಬ್ಬಿ.

"ಕೆಂಪಿ ಬಾಲ ಎಲ್ಲಿ?" ಅಂದೆ.

"ಬೆಳೀತದೆ ಕಣೇ. ಅಳಿಯಂದ್ರು ಹೇಳಿದ್ರು, ಇಂಥ ಕೂದಲೇ ಆಗಬೇಕು, ನೀರಲ್ಲಿ ಉಸಿರಾಡ್ದಂಗೆ ಕಾಣ್ತದಂತೆ."

"ನೊಣ ಓಡಿಸೋ ಬಾಲ ಕತ್ತರಿಸಿ ನೊಣ ಮಾಡ್ತಾ ಕೂತಿದ್ದೀರಿ. ಕೂದಲೇ ಬೇಕಾಗಿದ್ರೆ ನಿಮ್ಮ ಮೀಸೆ ಇರಲಿಲ್ವ, ಅದೇನು ನೊಣ ಓಡಿಸ್ತದಾ?"

ಅವರು ಮೀಸೆ ಮುಟ್ಟಿಕೊಂಡರು. ಅವತ್ತಿನಿಂದ ಕೆಂಪಿ ಕೊಟ್ಟಿಗೆಯಲ್ಲಿ ಒಂದು ಕಡೆ ನಿಲ್ಲಲಿಲ್ಲ. ಕಾಲು ಒದರುತ್ತಿದ್ದಳು, ಮೈ ಝಾಡಿಸುತ್ತಿದ್ದಳು, ಕರೆದ ಹಾಲಿನ ಪಾತ್ರೆ ಒದ್ದಳು. ನಾನು ಒಂದು ಕೈಯಲ್ಲಿ ಕರೆಯುತ್ತಾ ಇನ್ನೊಂದರಲ್ಲಿ ಟವಲು ಬೀಸುತ್ತಾ ಕೂರಬೇಕಾಯಿತು. ಪಾಪವಿಲ್ಲದ ಬೇಟೆ ಅಂದರೆ ಇದು. ಒಂದು ಜೀವವೂ ಹೋಗುವುದಿಲ್ಲ, ಇದ್ದಲ್ಲೇ ಸಾಯುತ್ತದೆ.

ಇಲ್ಲಿ ಪಂಚೆಯ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ.

ನಮ್ಮ ಯಜಮಾನರಿಗೆ ಬೇರೆ ಏನೂ ಗೊತ್ತಿಲ್ಲದಿದ್ದರೂ ಒಂದು ವಿದ್ಯೆ ಇದೆ. ಮರದ ಬುಡದಲ್ಲಿ ನಿಂತು, ತಲೆ ಎತ್ತಿ, ಒಂದು ಸುತ್ತು ಬಂದು, ಈ ಮರದಲ್ಲಿ ಇಷ್ಟು ಕಾಯಿ ಅಂತಾರೆ. ಕೆಡವಿ ಎಣಿಸಿದರೆ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಣ್ಣತಮ್ಮಂದಿರು ತೋಟ ಪಾಲು ಮಾಡಿಕೊಳ್ಳುವಾಗ, ಗುತ್ತಿಗೆಗೆ ಕೊಡುವಾಗ, ಜಗಳವಾದಾಗ, "ನಂಜಪ್ಪಣ್ಣ ಬಂದು ನೋಡ್ಲಿ" ಅಂತಾರೆ. ಅವರು ಹೇಳಿದ ಮೇಲೆ ಎರಡು ಕಡೆಯವರೂ ಮಾತಾಡುವುದಿಲ್ಲ. ಅಂಥ ದಿನಕ್ಕೆ ಅಂತಲೇ ಒಂದು ಪಂಚೆ, ಅಗಲವಾದ ಕೆಂಪು ಅಂಚಿನದು. ಮಿಕ್ಕ ದಿನ ಅದು ಪೆಟ್ಟಿಗೆಯಲ್ಲಿ ಬೇವಿನೆಲೆ ಮಧ್ಯೆ ಇರುತ್ತದೆ. ಆ ಅಂಚು ಬೀದಿಯಲ್ಲಿ ಕಂಡರೆ ಎಲ್ಲೋ ಒಂದು ತೋಟ ಎರಡಾಗುತ್ತಿದೆ ಅಂತ ಊರಿಗೆ ಗೊತ್ತು.

ಕಣ್ಣಂದಾಜು ಅಂತ ಹೇಳುವುದೇನೋ ಸುಲಭ. ಅದು ಕಣ್ಣಿನದಲ್ಲ, ನಾಲಿಗೆಯದು. ಕಂಡಷ್ಟೇ ಹೇಳುವ ನಾಲಿಗೆ. ಅದಿಲ್ಲದೆ ಹೋದರೆ ಇವರು ಮರದ ಕೆಳಗೆ ಕತ್ತು ನೋಯಿಸಿಕೊಂಡು ನಿಂತ ಒಬ್ಬ ಮುದುಕ, ಅಷ್ಟೆ.

ಸರಿ, ಬೇಸಿಗೆ ರಜಕ್ಕೆ ಮಗಳ ಮನೆಗೆ ಹೊರಟೆವು. ಆ ಪಂಚೆಯನ್ನು ಚೀಲಕ್ಕೆ ಹಾಕಿಕೊಳ್ಳುವಾಗ ನಾನು, "ಅಲ್ಲಿ ಯಾರ ತೋಟ ಪಾಲಾಗ್ತಿದೆ?" ಅಂದೆ. "ಸಮುದ್ರದ ಮುಂದೆ ಹೋಗ್ತಾ ಇದೀನಿ, ಸುಮ್ನೆ ಅಲ್ಲ," ಅಂದರು. ನಾನು ನನ್ನ ಚೀಲಕ್ಕೆ ಅಟ್ಟದಿಂದ ಎರಡು ಒಣಕಾಯಿ, ಒಂದು ಮಾರು ನಾರಿನ ಹಗ್ಗ ಹಾಕಿಕೊಂಡೆ. ಅವರಿಗೆ ಈಜು ಬರುವುದಿಲ್ಲ. ಒಬ್ಬನೇ ಮಗ ಅಂತ ನಮ್ಮತ್ತೆ ಬಾವಿ ಹತ್ತಿರ ಬಿಟ್ಟಿರಲಿಲ್ಲ. ನನಗೆ ಬರುತ್ತದೆ. ಚಿಕ್ಕನಾಯಕನಹಳ್ಳಿ ಕಡೆ ನನ್ನ ತವರಿನಲ್ಲಿ ನಮ್ಮಣ್ಣ ಬೆನ್ನಿಗೆ ಎರಡು ಒಣಕಾಯಿ ಕಟ್ಟಿ ಬಾವಿಗೆ ನೂಕಿದ್ದ. ನೂಕುವ ಮುಂಚೆ ಹೇಳಲೂ ಇಲ್ಲ. ನಮ್ಮ ಸೀಮೆಯಲ್ಲಿ ಎಲ್ಲರೂ ಕಲಿತದ್ದು ಹಾಗೇ, ಕಾಯಿ ತೇಲಿಸುತ್ತದೆ, ಕೈಕಾಲು ಬಡಿಯುವುದಷ್ಟೇ ನಮ್ಮ ಕೆಲಸ. ತಿನ್ನದ ಮೀನಿಗೋಸ್ಕರ ನನ್ನ ಹಣೆ ಕುಂಕುಮ ಒರೆಸಿಕೊಳ್ಳುವ ಇಷ್ಟ ನನಗಿರಲಿಲ್ಲ.

ಅಲ್ಲಿ ದೋಣಿ ಆರಿಸುವುದೇ ಒಂದು ಬೆಳಿಗ್ಗೆ ಹಿಡಿಯಿತು. ಹೊಳೆ ಸಮುದ್ರ ಸೇರುವ ಕಡೆ, ದಡದಲ್ಲಿ ಬಾಡಿಗೆ ದೋಣಿ ಸಾಲಾಗಿ ನಿಂತಿದ್ದವು. ಅಳಿಯ ಪಾಠ ಹೇಳಿದ. ತಳ ಅಗಲವಾಗಿರಬೇಕು, ನಿಂತು ಬೀಸಿದರೆ ಹೊಯ್ದಾಡಬಾರದು. ಅಂಚು ತಗ್ಗಿರಬೇಕು. ಒಳಗೆ ಗೂಟ, ಮೊಳೆ, ಹಿಡಿಕೆ, ಏನೂ ಎದ್ದಿರಬಾರದು, ದಾರ ಸಿಕ್ಕಿಹಾಕಿಕೊಳ್ಳುತ್ತದೆ. ಯಜಮಾನರು ಎತ್ತು ಕೊಳ್ಳುವವರ ಹಾಗೆ ಪ್ರತಿಯೊಂದನ್ನೂ ಸುತ್ತಿ ಬಂದು, ಪಕ್ಕೆ ತಟ್ಟಿ, ಹಿಂದಿನಿಂದ ಬಗ್ಗಿ ನೋಡಿದರು. ಮೈಮೇಲಿನ ಸುಳಿ ಒಂದನ್ನು ಹುಡುಕಲಿಲ್ಲ, ಅಷ್ಟೆ. ಕೊನೆಗೆ ನೀಲಿ ಬಣ್ಣದ ಫೈಬರ್ ದೋಣಿ ಒಪ್ಪಿದರು. ನಿಜ ಹೇಳಬೇಕು, ಒಳ್ಳೆಯ ದೋಣಿ. ಒಳಗೆ ಏನೂ ಎದ್ದಿರಲಿಲ್ಲ. ಇವರಿಬ್ಬರನ್ನು ಬಿಟ್ಟರೆ.

ಅಳಿಯ ಕಿತ್ತಳೆ ಬಣ್ಣದ ಜಾಕೀಟು ಕೊಟ್ಟ, ತೇಲುವುದು. ಯಜಮಾನರು ಹಾಕಿಕೊಂಡು ನೋಡಿ ಬಿಚ್ಚಿಟ್ಟರು. ಸೊಂಟದ ಹತ್ತಿರದ ಕೆಂಪಂಚು ಮುಚ್ಚಿಹೋಗುತ್ತದೆ ಅಂತ ಬಾಯಿಬಿಟ್ಟು ಹೇಳಲಿಲ್ಲ, ನನಗೆ ತಿಳಿಯಿತು. "ಸೆಖೆ," ಅಂದರು.

"ತಿರುಗಿ," ಅಂತ ಹೇಳಿ ನಾನು ಎರಡು ಕಾಯಿಯನ್ನು ಅವರ ಬೆನ್ನಿಗೆ ಬಿಗಿದೆ.

ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ನೋಡಿ, "ಕಾಯಿ ಎಂತಕ್ರಾ ಅಮ್ಮ? ಸಮುದ್ರಕ್ಕೆ ಬಿಡೂಕಾ?" ಅಂದಳು. ಆ ಕಡೆ ಸಮುದ್ರಪೂಜೆಗೆ ಕಾಯಿ ಬಿಡುತ್ತಾರಂತೆ.

"ಬಿಡೋಕೇ ಕಣಮ್ಮ," ಅಂದೆ. "ಹೊರೋರ ಸಮೇತ."

ದೋಣಿ ದಡದಿಂದ ಕೂಗಳತೆಯಲ್ಲೇ ನಿಂತಿತ್ತು. ಸೊಂಟದುದ್ದ ನೀರು. ಅಳಿಯ ಮುಂದೆ ಹುಟ್ಟು ಹಿಡಿದು ಕೂತಿದ್ದ, ಯಜಮಾನರು ಹಿಂದೆ ಎದ್ದು ನಿಂತರು. ಪಂಚೆ ಎತ್ತಿ ಕಟ್ಟಲಿಲ್ಲ, ಇಳಿಬಿಟ್ಟಿದ್ದರು. ನಾನೂ ಸುಮಳೂ ಮರಳ ಮೇಲೆ ಕೂತಿದ್ದೆವು. ಬೀಸಿದರು. ಚೆನ್ನಾಗಿಯೇ ಬೀಸಿದರು, ಹಿಂದೆ ತೆಂಗಿನ ಮರ ಇರಲಿಲ್ಲವಲ್ಲ. ಮತ್ತೆ ಬೀಸಿದರು. ಪ್ರತಿ ಸಲವೂ ಬೆನ್ನ ಮೇಲಿನ ಕಾಯಿ ಕುಣಿದು, ನನ್ನ ಹಗ್ಗ ಅವರ ಸೊಂಟದ ಗಂಟನ್ನು ಒಂದೊಂದು ಬೆರಳು ಸಡಿಲಿಸುತ್ತಿತ್ತು. ಪಂಚೆಯ ಹಿಂದಿನ ತುದಿ ದೋಣಿ ಅಂಚು ದಾಟಿ ನೀರಿಗೆ ಬಿತ್ತು. ಇಳಿತದ ನೀರು ಅದನ್ನು ಎಳೆದುಕೊಂಡಿತು. ದಾರವನ್ನೂ ಎಳೆದು ಅದೇ ಕಡೆಗೆ ತಂದಿತು.

ಕೋಲು ಬಿಲ್ಲಿನ ಹಾಗೆ ಬಾಗಿತು.

"ಬಂತು, ಮಾವ, ಬಂತು," ಅಂತ ಅಳಿಯ ಕೂಗಿದ, ತಿರುಗಿ ನೋಡದೆ ದೋಣಿ ಸಮ ಹಿಡಿಯುತ್ತಾ. "ದೊಡ್ಡದು. ಬಿಗಿ ಹಿಡೀಬೇಡಿ, ದಾರ ಬಿಡಿ, ಓಡ್ಲಿ."

"ಎಳೀತದೆ ಕಣ್ರಿ, ಸೊಂಟಕ್ಕೇ ಎಳೀತದೆ," ಅಂದರು ಯಜಮಾನರು.

ಎಳೆಯದೆ ಏನು ಮಾಡುತ್ತದೆ, ಅದು ಕಟ್ಟಿದ್ದೇ ಸೊಂಟಕ್ಕೆ. ಪೂರಾ ಬಿಚ್ಚಿಕೊಂಡು ನೀರಿಗಿಳಿಯಿತು. ನೀರು ಕುಡಿದು ಉಬ್ಬಿತು, ಕೋಲು ಇನ್ನೂ ಬಾಗಿತು. ಮರಳ ಮೇಲಿಂದ ನನಗೆ ಕಂಡದ್ದು ಇಷ್ಟು: ಪಟಾಪಟಿ ಚಡ್ಡಿ, ಬಿಳಿ ಜುಬ್ಬ, ಬೆನ್ನ ಮೇಲೆ ಎರಡು ಕಾಯಿ, ಕೈಯಲ್ಲಿ ಬಾಗಿದ ಕೋಲು, ಆ ಮನುಷ್ಯ ಸಮುದ್ರದ ಜೊತೆ ಜಗ್ಗಾಡುತ್ತಿದ್ದಾರೆ. ಅಷ್ಟು ದೂರದಲ್ಲಿ ನೀರ ಮೇಲೆ ಒಂದು ಕೆಂಪು ಅಂಚು ಎದ್ದು, ಹೊರಳಿ, ಮುಳುಗಿತು. ಸುಮ ಸೆರಗು ಬಾಯಿಗೆ ತುರುಕಿಕೊಂಡಳು.

ದಾರ ಕಿತ್ತುಹೋಯಿತು. ಯಜಮಾನರು ಹಿಂದಕ್ಕೆ ನೀರಿಗೆ ಬಿದ್ದರು.

ಈಗ ನನ್ನ ಬುದ್ಧಿವಂತಿಕೆ ನೋಡಿ. ಬಾವಿಯಲ್ಲಿ ಈಜುವವರು ಮಕಾಡೆ ಇರುತ್ತಾರೆ, ಅದಕ್ಕೆ ಬೆನ್ನಿಗೆ ಕಟ್ಟುವುದು. ಸೊಂಟದುದ್ದ ನೀರಲ್ಲಿ ಎದ್ದು ನಿಲ್ಲಬೇಕಾದವರ ಬೆನ್ನಿಗೆ ಕಟ್ಟಿದರೆ? ಕಾಯಿ ಮೇಲಕ್ಕೆ ಬಂತು, ಬೆನ್ನು ಮೇಲಕ್ಕೆ ಬಂತು, ಮುಖ ಕೆಳಕ್ಕೆ ಹೋಯಿತು. ಏಳಲು ಹೋದಷ್ಟೂ ಕಾಯಿ ಮಗುಚಿ ಹಾಕಿತು. ನಾನು ಸೀರೆ ಎತ್ತಿ ಕಟ್ಟಿ ನುಗ್ಗಿದೆ. ನೀರು ಕುಡಿದ ನಾರಿನ ಗಂಟು ಬಿಚ್ಚಲಿಲ್ಲ. ಅವರ ಕೂದಲು ಹಿಡಿದು ತಲೆ ಎತ್ತಿ ನಿಂತೆ, ಆ ಮೀನು ಒಣಗಿಸುವ ಹೆಂಗಸು ಬಂದು ಕತ್ತಿಯಲ್ಲಿ ಹಗ್ಗ ಕುಯ್ದಳು. ನನ್ನ ಕುಂಕುಮ ಕಾಯಬೇಕಾದ ಕಾಯಿಯೇ ಅದನ್ನು ಅಳಿಸುವುದರಲ್ಲಿತ್ತು. ಅವೆರಡೂ ನೆಟ್ಟಗೆ ಸಮುದ್ರಕ್ಕೆ ತೇಲಿಕೊಂಡು ಹೋದವು. ಪೂಜೆಯಾಯಿತು.

ದಡಕ್ಕೆ ಬಂದು, ಉಪ್ಪುನೀರು ಉಗಿದು, ಯಜಮಾನರು ಕೇಳಿದ ಮೊದಲ ಮಾತು, "ನೋಡಿದ್ಯಾ? ಎಷ್ಟು ದೊಡ್ಡದಿತ್ತು?"

ನಾನು ನೋಡುತ್ತಿದ್ದದ್ದು ನನ್ನ ಕಾಲನ್ನು. ಅಲೆಯೊಂದು ಪಂಚೆಯನ್ನು ತಂದು ಅಲ್ಲೇ ಸುತ್ತಿತ್ತು. ಅಂಚಿನ ಹತ್ತಿರ ಕೊಕ್ಕೆ, ಕೊಕ್ಕೆಯಲ್ಲಿ ಕೆಂಪಿಯ ಬಾಲದ ಬಿಳಿ ಕೂದಲು. ಕೊಕ್ಕೆ ನಾಟಿದಲ್ಲಿಂದ ಒಂದು ಗೇಣು ಹರಿದಿತ್ತು. ಅಳಿಯ ಆ ಕಡೆ ದೋಣಿ ಎಳೆಯುತ್ತಿದ್ದ. ಹಿಂಡಿ, ಸುತ್ತಿ, ಚೀಲಕ್ಕೆ ಹಾಕಿಕೊಂಡೆ. ಅಳಿಯನ ಪಂಚೆ ಉಟ್ಟುಕೊಂಡು ಮಾವ ಊಟಕ್ಕೆ ಕೂತರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಚೀಲ ಬಿಚ್ಚಿ ತೋರಿಸಿದೆ. "ತಗೊಳ್ಳಿ, ನಿಮ್ಮ ಮೀನು."

ಕೊಕ್ಕೆಯನ್ನು ಮುಟ್ಟಿದರು. ಕಿಟಕಿ ಕಡೆ ತಿರುಗಿ, "ಊರಲ್ಲಿ ಹೇಳ್ಬೇಡ ಕಣೇ," ಅಂದರು.

"ನಾನು ಬಾಯಿ ಬಿಡಲ್ಲ," ಅಂದೆ. ನಾನು ಮಾತು ಕೊಟ್ಟರೆ ತಪ್ಪುವವಳಲ್ಲ.

ಅವರೂ ಬಾಯಿ ಬಿಡದಿದ್ದರೆ ಇದು ಅಲ್ಲಿಗೇ ಮುಗಿಯುತ್ತಿತ್ತು. ಮಾರನೆ ದಿನವೇ ಹಾಲಿನ ಡೈರಿ ಮುಂದೆ ಮೀನು ಹುಟ್ಟಿತು. ಮೊದಲು ಮೊಳದುದ್ದ ಇತ್ತು. ಎರಡು ದಿನಕ್ಕೆ ಮಾರುದ್ದ ಆಯಿತು. ಹಸುವಿನ ಕರು ಈ ರೀತಿ ಬೆಳೆದರೆ ನಾವೆಲ್ಲ ಉದ್ಧಾರ ಆಗುತ್ತಿದ್ದೆವು. ಪಂಚೆ ಎಲ್ಲಿ ಅಂತ ಯಾರೋ ಕೇಳಿದ್ದಕ್ಕೆ, "ಮೀನೇ ಎಳಕೊಂಡು ಹೋಯ್ತು ಕಣಪ್ಪ," ಅಂದರಂತೆ. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಗಂಡಸರಿಗೆ ಒಂದು ಮೀನು ಇರಲಿ, ಯಾರ ಗಂಟು ಹೋಗುತ್ತದೆ.

ಆದರೆ ಒಂದು ಸಂಜೆ ನಾನೂ ಹಾಲು ಹಾಕಲು ಹೋಗಿದ್ದೆ. ನಮ್ಮೂರಿನ ಕಲ್ಲೇಶ, ಬಸವರಾಜು, ಅಣ್ಣತಮ್ಮಂದಿರು ನಿಂತಿದ್ದರು. ಅಪ್ಪನ ತೋಟ ಪಾಲು ಮಾಡಿಕೊಳ್ಳುವ ಜಗಳ, ಮಾತು ಬಿಟ್ಟು ಆರು ತಿಂಗಳಾಗಿತ್ತು. ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ, ನಂಜಪ್ಪಣ್ಣ ಬಂದು ಮರ ನೋಡಿ ಹೇಳಿದ ಹಾಗೆ ಆಗಲಿ ಅಂತ. ತಮ್ಮ ಬಸವರಾಜು, "ನಾಳಿದ್ದು ಬಂದ್ಬುಡಿ ನಂಜಪ್ಪಣ್ಣ," ಅಂದ.

ಅಷ್ಟರಲ್ಲಿ ಹಾಲು ಅಳೆಯುವ ಚಂದ್ರಣ್ಣ ಮೀನಿನ ಸುದ್ದಿ ತೆಗೆದ. ಯಜಮಾನರು ಎರಡು ಕೈ ಅಗಲಿಸಿದರು. ಸಾಲದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತೋರಿಸಿದರು.

ಅಣ್ಣ ಕಲ್ಲೇಶ ಸ್ವಲ್ಪ ಅನುಮಾನದ ಮನುಷ್ಯ. "ಅಲ್ಲ ನಂಜಪ್ಪಣ್ಣ, ನೀರೊಳಗಿರೋ ಮೀನು. ಮೇಲಕ್ಕೆ ಬರಲಿಲ್ಲ ಅಂತೀರಿ. ಉದ್ದ ಹೆಂಗೆ ತಿಳೀತು?"

ನಮ್ಮವರು ಮೀಸೆ ಮೇಲೆ ಕೈ ಹಾಕಿದರು. "ಏನಪ್ಪ ಕಲ್ಲೇಶ, ಮರದ ಮೇಲಿನ ಕಾಯಿ ಕೆಳಗೆ ನಿಂತು ಹೇಳ್ತೀನಲ್ಲ, ಅದನ್ನ ನಂಬ್ತೀಯೋ ಇಲ್ವೋ? ಅದೇ ಕಣ್ಣು, ಇದೇ ಬಾಯಿ."

ಕಲ್ಲೇಶ ನನ್ನ ಕಡೆ ತಿರುಗಿದ. "ನೀವೂ ಅಲ್ಲೇ ಇದ್ರಲ್ಲ ರುದ್ರಕ್ಕ. ಹೌದೇ?"

ನಾನು ಕ್ಯಾನು ತೆಗೆದುಕೊಂಡು ಮನೆಗೆ ಬಂದೆ. ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೆನಲ್ಲ.

ದಾರಿಯುದ್ದಕ್ಕೂ ಅವರನ್ನು ಒಳಗೊಳಗೇ ಬೈದುಕೊಂಡೆ. ಮೀನಿನ ಸುಳ್ಳನ್ನು ಮೀನಿನ ಮಟ್ಟಿಗೆ ಹೇಳಿಕೊಳ್ಳಲಿ. ಕಾಯಿಯನ್ನು ಯಾಕೆ ಸಾಕ್ಷಿಗೆ ಕರೆಯಬೇಕು? ನಾಳಿದ್ದು ಆ ಇಬ್ಬರೂ ಮರದ ಕೆಳಗೆ ನಿಂತು ಇವರ ಬಾಯಿ ನೋಡುತ್ತಾರೆ. ಆವತ್ತು ಒಪ್ಪಿಕೊಂಡು, ಮುಂದೊಂದು ದಿನ ಸುಮಳೋ, ಅವಳಿಂದ ಕೇಳಿದ ಅಳಿಯನೋ ಈ ಪಂಚೆ ಕಥೆ ಆಡಿಬಿಟ್ಟರೆ, ಮೀನಿಗೆ ಗೇಣು ಸೇರಿಸಿದವನು ನನ್ನ ಪಾಲಿಂದ ಎಷ್ಟು ತೆಗೆದನೋ ಅಂತ ಕಲ್ಲೇಶ ಅನ್ನುತ್ತಾನೆ. ಅನ್ನಲೇಬೇಕು. ಅಲ್ಲಿಗೆ ಇವರು ಇಷ್ಟು ವರ್ಷ ನೋಡಿದ ಮರವೆಲ್ಲ ಸುಳ್ಳಾಗುತ್ತದೆ. ಇವರಿಗೆ ಇರುವುದೇ ಅದೊಂದು. ತಿನ್ನದ ಮೀನಿಗೆ ಬಾಲ ಹೋಯಿತು, ದೋಣಿ ಹೋಯಿತು, ಪಂಚೆ ಹೋಯಿತು, ಈಗ ಮಾತನ್ನೂ ಕಳಿಸಲು ನಿಂತಿದ್ದಾರೆ.

ಅವರು ಬಂದು ಉಂಡು ಮಲಗಿದರು. ಬಾಯಿ ಮುಚ್ಚಿಕೊಂಡಿರುತ್ತೇನೆ ಅಂದಿದ್ದೆ, ಪಂಚೆ ಮುಚ್ಚಿಡುತ್ತೇನೆ ಅಂದಿರಲಿಲ್ಲ.

ಮಾರನೆ ಬೆಳಿಗ್ಗೆ ಎದ್ದು, ಹಟ್ಟಿ ಗುಡಿಸಿ, ಚೀಲದಿಂದ ಪಂಚೆ ತೆಗೆದೆ. ಕೊಕ್ಕೆ ಬಿಡಿಸಿ ಡಬ್ಬಿಗೆ ಎಸೆದೆ. ಕೊಕ್ಕೆ ಹರಿದಿದ್ದ ಕಡೆಯಿಂದಲೇ ಅಂಚನ್ನು ಪರ್‍ರನೆ ಉದ್ದಕ್ಕೂ ಸೀಳಿದೆ. ಕೊಟ್ಟಿಗೆಗೆ ಹೋಗಿ, ಕೆಂಪಿಯ ಬೋಳು ಬಾಲಕ್ಕೆ ಆ ಕೆಂಪಂಚಿನ ಪಟ್ಟಿಗಳನ್ನು ನಾರಿನ ದಾರದಿಂದ ಹೆಣೆದು, ಬಿಗಿಯಾಗಿ ಕಟ್ಟಿದೆ. ಒಳ್ಳೆ ಕುಚ್ಚಾಯಿತು, ಮೊದಲಿನದಕ್ಕಿಂತ ದಪ್ಪ. ಹಾಲು ಕರೆದೆ. ಎಷ್ಟೋ ದಿನದ ಮೇಲೆ ಕೆಂಪಿ ಕಾಲು ಎತ್ತಲಿಲ್ಲ.

ಯಜಮಾನರು ದಿನದ ಹಾಗೆ ಅವಳನ್ನು ತೋಟಕ್ಕೆ ಹೊಡೆದುಕೊಂಡು ಹೋಗಲು ಬಂದರು. ಬಾಲ ನೋಡಿದರು. ನನ್ನ ಮುಖ ನೋಡಿದರು.

"ಹಿಂದಿನ ಓಣೀಲಿ ಹೋಗ್ಲಾ?" ಅಂದರು.

"ಹೋಗಿ. ಕಲ್ಲೇಶನ ಮನೆ ಇರೋದು ಆ ಓಣೀಲೇ. ಈ ಕಡೆ ಹೋದ್ರೆ ಡೈರಿ ಸಿಗ್ತದೆ, ಇಬ್ಬರೂ ಹಾಲು ಹಾಕಕ್ಕೆ ಬಂದಿರ್ತಾರೆ. ಒಂದೇ ಸಲಕ್ಕೆ ಹೇಳಿ ಮುಗಿಸ್ಬೋದು."

ಹಗ್ಗ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಡೈರಿ ಕಡೆಗೇ ತಿರುಗಿದರು. ಕೆಂಪಿ ಹಿಂದೆ ಹೊರಟಳು. ಎರಡು ಹೆಜ್ಜೆಗೆ ಒಂದು ನೊಣ ಬಂದು ಅವಳ ಬೆನ್ನ ಮೇಲೆ ಕೂತಿತು. ಬಾಲ ಬೀಸಿದಳು. ಎದ್ದು ಹೋಯಿತು.